ಹಳೇ ಬೂದು, ಹೊಸ ಬೂದು

ನಮ್ಮ ಗುಂಪಿನಲ್ಲಿ ನನಗೆ ಕೊಡಲಿ ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತಾರೆ ಎಂದುಕೊಳ್ಳಬೇಡಿ, ಎದುರಿಗೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ. ಹದಿನಾಲ್ಕು ಜನರ ಗುಂಪು ನಮ್ಮದು. ಎಲ್ಲರೂ ಬೆಳೆದವರು, ಕೆಲವರಿಗೆ ಮೊಮ್ಮಕ್ಕಳಿದ್ದಾರೆ. ಮಕ್ಕಳ ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಹಾಯಿ ಹಡಗು ಕಟ್ಟುತ್ತೇವೆ, ಏಳೆಂಟು ನೂರು ವರ್ಷದ ಹಿಂದಿನ ಕೋಟೆ, ಗಿರಣಿ, ಸೇತುವೆ ಕಟ್ಟುತ್ತೇವೆ. ಡಬ್ಬಿಯ ಜೊತೆ ಬರುವ ಚಿತ್ರ ನೋಡಿ ಜೋಡಿಸುವವರನ್ನು ಹತ್ತಿರ ಸೇರಿಸುವುದಿಲ್ಲ. ಕಲ್ಪನೆಯೂ ಸ್ವಂತದ್ದು, ಅಳತೆಯೂ ಸ್ವಂತದ್ದು. ತಿಂಗಳಿಗೊಮ್ಮೆ ಒಂದು ಶಾಲೆಯ ಕೊಠಡಿಯಲ್ಲಿ ಸೇರಿದಾಗ ಒಬ್ಬರು ತಮ್ಮ ಕೆಲಸವನ್ನು ಮೇಜಿನ ಮೇಲಿಡುತ್ತಾರೆ, ಮಿಕ್ಕವರು ತಪ್ಪು ಹೇಳುತ್ತಾರೆ. ಹೇಳುವಷ್ಟು ಹೊತ್ತೂ ಕಟ್ಟಿದವರು ಬಾಯಿ ಬಿಡಕೂಡದು. ಸಮಜಾಯಿಷಿ ಇಲ್ಲ, ನೆಪ ಇಲ್ಲ. ಆ ನಿಯಮ ಮಾಡಿದವನು ನಾನೇ.

ನಾನು ನೋಡುವ ರೀತಿಯೇ ಬೇರೆ. ಗಾರೆಯವರು ಗೋಡೆಯ ನೇರ ನೋಡುವ ಹಾಗೆ ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಉದ್ದಕ್ಕೂ ನೋಡಿಕೊಂಡು ಹೋಗುತ್ತೇನೆ. ಆ ಕಣ್ಣು ದಣಿದರೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತೇನೆ. ಹಾಗೆ ನಾನು ಬಗ್ಗಿದ ಕೂಡಲೇ ಕೊಠಡಿಯಲ್ಲಿ ಮಾತು ನಿಲ್ಲುತ್ತಿತ್ತು. ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ, ಎಲ್ಲರೂ ಪೋಸ್ಟ್ ಮಾಮ ಅನ್ನುತ್ತೇವೆ. ಅವರು ಒಂಬತ್ತು ತಿಂಗಳು ಕೂತು ಮೂರು ಕಂಬದ ಹಡಗು ಕಟ್ಟಿ ತಂದಾಗ, ಹಿಂದಿನ ಕಂಬ ಬಟ್ಟೆ ಒಣಹಾಕಲು ನೆಟ್ಟ ಹಾಗಿದೆ, ಈ ಹಡಗನ್ನು ಮುಳುಗಿಸಲು ಶತ್ರು ಬೇಕಿಲ್ಲ, ನಾಚಿಕೆಯಿಂದ ತಾನೇ ತಳ ಸೇರುತ್ತದೆ ಎಂದೆ. ಎಲ್ಲರೂ ನಕ್ಕರು. ಮಾಮನೂ ನಕ್ಕರು. ಮುಂದಿನ ತಿಂಗಳು ಕಂಬ ಬದಲಾಯಿಸಿಕೊಂಡು ಬಂದರು. ಹಡಗು ನಿಜಕ್ಕೂ ಸುಧಾರಿಸಿತ್ತು. ಅದೇ ನನ್ನ ತಲೆ ತಿರುಗಿಸಿದ್ದು. ನಾನು ಬಿಚ್ಚು ಎಂದರೆ ಬಿಚ್ಚುತ್ತಿದ್ದರು.

ಇದರ ಮೇಲೆ ನನ್ನ ಹೊಟ್ಟೆಪಾಡೂ ಕಣ್ಣಿನದೇ. ಇಪ್ಪತ್ತಾರು ವರ್ಷದಿಂದ ಬಣ್ಣದ ಅಂಗಡಿಯಲ್ಲಿ ಬಣ್ಣ ಹೊಂದಿಸುವ ಕೆಲಸ. ಈಗ ಬೆರೆಸಲು ಯಂತ್ರ ಬಂದಿದೆ. ಆದರೂ ಯಾರಾದರೂ ಗೋಡೆಯ ಸಿಪ್ಪೆ ತಂದು ಇದೇ ಬಣ್ಣ ಬೇಕು ಎಂದರೆ ಮಾಲೀಕರು ನನ್ನನ್ನೇ ಕೂಗುತ್ತಾರೆ. ಆರು ತಿಂಗಳಿನಿಂದ ಇಬ್ಬರು ಮೂವರು ಡಬ್ಬ ವಾಪಸ್ ತಂದಿದ್ದರು. ನಿಮ್ಮ ಮನೆಯ ದೀಪ ಸರಿಯಿಲ್ಲ ಎಂದು ಅವರಿಗೇ ಬುದ್ಧಿ ಹೇಳಿ ಕಳಿಸಿದ್ದೆ.

ನನ್ನ ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಬೇಗ ಹೋದರು, ಅವಳನ್ನು ಬೆಳೆಸಿದವನು ನಾನು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಎರಡು ಕೋಣೆಯ ಬಾಡಿಗೆ ಮನೆ, ಒಬ್ಬಳೇ. ಎರಡು ವರ್ಷದ ಹಿಂದೆ ನಾನೇ ಗುಂಪಿಗೆ ಸೇರಿಸಿದೆ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಒಮ್ಮೆಯೂ ಮೇಜಿನ ಮೇಲೆ ಏನೂ ಇಟ್ಟವಳಲ್ಲ. ಮನೆಯಲ್ಲಿ ಏನೋ ಕಟ್ಟುತ್ತಿದ್ದಾಳೆ ಎಂದು ಗೊತ್ತಿತ್ತು, ಕೇಳಿರಲಿಲ್ಲ. ಈ ಸಲದ ವಾರ್ಷಿಕ ಪ್ರದರ್ಶನಕ್ಕೆ ಅವಳೇ ಹೆಸರು ಕೊಟ್ಟು ಮೇಜು ಪಡೆದಳು. ಇನ್ನು ಒಂಬತ್ತು ದಿನ ಇರುವಾಗ ಫೋನ್ ಮಾಡಿ, ಒಂದ್ಸಲ ನೋಡಿ ಹೇಳು ಅಣ್ಣ ಎಂದಳು.

ಒಳಕೋಣೆಯ ಬಾಗಿಲನ್ನು ಕಳಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದಳು. ಅದರ ತುಂಬ ಒಂದು ಕೋಟೆ ಊರು. ನಡುವೆ ಹೆಬ್ಬಾಗಿಲು, ಎರಡು ಪಕ್ಕಕ್ಕೆ ಎರಡು ಗೋಪುರ, ಸುತ್ತ ಗೋಡೆ. ಒಳಗೆ ಕಮ್ಮಾರನ ಮನೆ, ರೊಟ್ಟಿ ಸುಡುವವನ ಮನೆ. ಆ ರೊಟ್ಟಿಯವನ ಮನೆಯ ಸೂರು ನಡುವೆ ಒಂದಿಷ್ಟು ಕುಸಿದಿತ್ತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೂರು ಕುಸಿಯುವ ಹಾಗೆ ಕಟ್ಟುವುದು ಎಷ್ಟು ಕಷ್ಟ ಎಂದು ಕಟ್ಟಿದವರಿಗೇ ಗೊತ್ತು. ಒಂದೊಂದು ಹೆಂಚನ್ನೂ ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ್ದಳು. ಹದಿನಾಲ್ಕು ತಿಂಗಳ ಕೆಲಸ. ಏಳು ಸಾವಿರ ಚಿಲ್ಲರೆ ತುಂಡುಗಳು, ಅದರಲ್ಲಿ ಗೋಡೆಗಳದ್ದೇ ಐದು ಸಾವಿರ. ಹೊಸದು ಕೊಳ್ಳಲಾಗದೆ ನಾಲ್ಕೈದು ಕಡೆ ಬಳಸಿದ ಇಟ್ಟಿಗೆಗಳನ್ನು ಕೂಡಿಸಿಕೊಂಡಿದ್ದಳು.

ಅಂಥ ಕೆಲಸ ನಾನು ನಮ್ಮ ಗುಂಪಿನಲ್ಲಿ ನೋಡಿರಲಿಲ್ಲ. ನನ್ನ ಹಡಗುಗಳು ಅದರ ಕಾಲಿನ ಧೂಳಿಗೂ ಸಮವಲ್ಲ. ಮೊದಲು ಹೇಳಬೇಕಾಗಿದ್ದ ಮಾತು ಅದು. ಹೇಳಲಿಲ್ಲ. ನನಗಾದದ್ದು ಹೊಟ್ಟೆಕಿಚ್ಚು ಎಂದು ಆಗಲೇ ಒಪ್ಪಿಕೊಳ್ಳುವಷ್ಟು ದೊಡ್ಡವನಲ್ಲ ನಾನು. ಸುಮ್ಮನೆ ಬಗ್ಗಿ ಕಣ್ಣು ಮುಚ್ಚಿ ನೋಡತೊಡಗಿದೆ. ಅವಳು ಗೋಡೆಗೊರಗಿ, ನಿಯಮದಂತೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಬಲಗೋಪುರ ಕಿಟಕಿಯ ಕಡೆಗಿತ್ತು. ಅದನ್ನು ನಾನು ಯಾವಾಗಲೂ ನೋಡುವ ಹಾಗೆ ಬಲಗಣ್ಣಿನಲ್ಲಿ ನೋಡಿದೆ. ಎಡಗೋಪುರ ಬೀರುವಿಗೆ ತಾಗಿಕೊಂಡಿತ್ತು, ತಲೆ ತೂರಿಸಲು ಜಾಗವಿರಲಿಲ್ಲ, ಅದಕ್ಕೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ನೋಡಿದವನೇ ಗೆದ್ದೆ ಅಂದುಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಇಟ್ಟಿಗೆಗಳ ಬೂದು ಬಣ್ಣ ಎಷ್ಟೋ ವರ್ಷದ ಹಿಂದೆ ಒಮ್ಮೆ ಬದಲಾಯಿತು. ಹಳೆಯದು ಸ್ವಲ್ಪ ಹಳದಿಗೆ ಎಳೆಯುತ್ತದೆ, ಹೊಸದು ನೀಲಿಗೆ. ಬೇರೆ ಯಾರಿಗೂ ವ್ಯತ್ಯಾಸ ಕಾಣದು. ನಮ್ಮವರಿಗೆ ಮಾತ್ರ ಒಂದೇ ಗೋಡೆಯಲ್ಲಿ ಹಳೇ ಬೂದು, ಹೊಸ ಬೂದು ಸೇರಿಸಿದರೆ ಅದಕ್ಕಿಂತ ನಗೆಗೀಡು ಇನ್ನಿಲ್ಲ.

“ಎರಡು ಬೂದು ಸೇರಿಸಿದ್ದೀಯ,” ಎಂದೆ. “ಎಡಗಡೆ ಗೋಪುರ ಪೂರ್ತಿ ಹಳೇದು. ಹಲ್ಲು ಕಟ್ಟಿಸಿಕೊಂಡ ಹಾಗೆ ಬೇರೆಯಾಗಿ ಕಾಣ್ತಿದೆ.”

ನಾನು ಮುಗಿಸುವ ತನಕ ಕಾದು, ತನಗೆ ಎಲ್ಲ ಒಂದೇ ಥರ ಕಾಣುತ್ತಿದೆಯಲ್ಲ ಎಂದಳು. ಒಂದೇ ಸಲ ಕೇಳಿದ್ದು. ಬಣ್ಣ ನೋಡಿ ಅನ್ನ ತಿನ್ನೋನು ನಾನೋ ನೀನೋ ಎಂದೆ. ಗೋಪುರ ಒಂದನ್ನೇ ಬಿಚ್ಚಿದರೆ ಸಾಕಾ ಎಂದಳು. ಅಷ್ಟಕ್ಕಾದರೂ ಹೂಂ ಅನ್ನಬಹುದಿತ್ತು. ನಾಲ್ಕು ಕಡೆಯಿಂದ ತಂದ ಮಾಲು, ಎಲ್ಲೆಲ್ಲಿ ಸೇರಿಕೊಂಡಿದೆಯೋ, ಪೂರ್ತಿ ಬಿಚ್ಚಿ ವಿಂಗಡಿಸು ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ದಿನ ರಜೆ ಹಾಕಿ ಅವಳು ಎಲ್ಲವನ್ನೂ ಬಿಚ್ಚಿದಳು. ಗೋಡೆಗೆ ಸೇರಿಕೊಂಡಿದ್ದ ಮನೆಗಳೂ ಹೋದವು, ಸೂರೂ ಹೋಯಿತು. ಭಾನುವಾರ ಮತ್ತೆ ಫೋನ್ ಮಾಡಿ, ಎಷ್ಟು ನೋಡಿದರೂ ಯಾವುದು ಹಳೆಯದು ಯಾವುದು ಹೊಸದು ಗೊತ್ತಾಗುತ್ತಿಲ್ಲ, ಬಂದು ಬೇರೆ ಮಾಡಿಕೊಡು ಎಂದಳು. ಹೋದೆ. ದೊಡ್ಡ ಉಪಕಾರ ಮಾಡುವವನ ಗತ್ತಿನಲ್ಲಿ ಹೋದೆ.

ಕಿಟಕಿಯ ಪಕ್ಕ ಎರಡು ಪ್ಲಾಸ್ಟಿಕ್ ಟಬ್ಬು ಇಟ್ಟುಕೊಂಡು ಕೂತೆ. ಒಂದೊಂದೇ ಇಟ್ಟಿಗೆ ಎತ್ತಿ ಕಣ್ಣಿನ ಹತ್ತಿರ ಹಿಡಿದು, ಹಳೇದು, ಹೊಸದು ಎಂದು ಹೇಳುತ್ತಾ ಹೋದೆ. ಒಂದು ಕಣ್ಣು ದಣಿದರೆ ಇನ್ನೊಂದು. ಹಳೆಯದು ಎಂದ ಪ್ರತಿಯೊಂದರ ಅಡಿಯಲ್ಲೂ ಅವಳು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು, ಆಮೇಲೆ ಬೆರೆತುಹೋಗದಿರಲಿ ಎಂದು. ಊಟದ ಹೊತ್ತಿಗೆ ಆರುನೂರು ಆಗಿದ್ದವು. ಹಳೆಯದು ಹೆಚ್ಚು ಕಡಿಮೆ ಅರ್ಧ. ನೋಡಿದೆಯಾ, ಅರ್ಧಕ್ಕರ್ಧ ಕಲಬೆರಕೆ ಎಂದು ಬೀಗಿದೆ.

ಊಟ ಮಾಡಿ ಬಂದು ಕೂತಾಗ ಅವಳ ಕಾಲು ತಾಗಿ ಹಳೇ ಬೂದಿನ ಟಬ್ಬು ವಾಲಿ, ಒಂದು ಹಿಡಿಯಷ್ಟು ಇಟ್ಟಿಗೆ ವಿಂಗಡಿಸದ ರಾಶಿಗೆ ಬಿದ್ದವು. ಇರಲಿ, ಮತ್ತೆ ಹೇಳುತ್ತೇನೆ ಎಂದು ನಾನೇ ಅಂದೆ. ಒಂದು ಎತ್ತಿದೆ, ಹೊಸದು ಎಂದೆ. ಅವಳು ತೆಗೆದುಕೊಂಡು ತಿರುಗಿಸಿ ನೋಡಿದಳು. ಅಡಿಯಲ್ಲಿ ಪೆನ್ಸಿಲ್ ಗುರುತು ಇತ್ತು. ಗುರುತಿದ್ದ ಇನ್ನೊಂದನ್ನು ಹುಡುಕಿ ಕೊಟ್ಟಳು. ಹೊಸದು ಎಂದೆ. ಮತ್ತೊಂದು ಕೊಟ್ಟಳು. ಅದೂ ಹೊಸದು. ನೀನೇ ತಪ್ಪು ಗುರುತು ಹಾಕಿದ್ದೀಯ ಎಂದು ರೇಗಿದೆ. ಅವಳು ನನ್ನ ಕಣ್ಣು ಯಾವುದು ಮುಚ್ಚಿದೆ, ಯಾವುದು ತೆರೆದಿದೆ ಎಂದು ನೋಡುತ್ತಿದ್ದಳು. ಆಮೇಲೆ ಅದೇ ಇಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟು, ಇನ್ನೊಂದು ಕಣ್ಣಲ್ಲಿ ನೋಡು ಅಂದಳು.

ಬಲಗಣ್ಣಿನಲ್ಲಿ ನೀಲಿ ಛಾಯೆ. ಎಡಗಣ್ಣಿನಲ್ಲಿ ಹಳದಿ. ಕೈಯಲ್ಲಿದ್ದದ್ದು ಒಂದೇ ಇಟ್ಟಿಗೆ. ಗೋಡೆ ನೋಡಿದೆ, ಇಸ್ತ್ರಿ ಮಾಡಿಟ್ಟ ಬಿಳಿ ಬಟ್ಟೆ ನೋಡಿದೆ, ನನ್ನ ಅಂಗೈ ನೋಡಿದೆ. ಎಲ್ಲವೂ ಹಾಗೇ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಎಷ್ಟು ಜನಕ್ಕೆ ಅಂದಿದ್ದೆನೋ ನಾನು.

“ಹಾಗಾದ್ರೆ ಇದೆಲ್ಲ ಒಂದೇ ಬಣ್ಣಾನಾ?” ಎಂದಳು.

ಹೂಂ ಎಂದೆ.

ಇಬ್ಬರೂ ಸೇರಿ ಮತ್ತೆ ಕಟ್ಟೋಣ, ಇನ್ನೂ ಐದು ದಿನ ಇದೆ ಎಂದು ನಾನು ಬಡಬಡಿಸಿದೆ. ಮೂರು ಸಂಜೆ ಕೂತೆವು. ಅವಳ ಹತ್ತಿರ ನಕ್ಷೆಯಿರಲಿಲ್ಲ. ಕೈ ಹೋದ ಹಾಗೆ ಕಟ್ಟಿದ್ದು, ಎಲ್ಲಿ ಯಾವ ತುಂಡು ಇಟ್ಟಿದ್ದೆ ಎಂದು ಕೈಗೇ ಗೊತ್ತಿತ್ತು, ಈಗ ಕೈಗೂ ಮರೆತಿತ್ತು. ಹೆಬ್ಬಾಗಿಲಿನ ಕಮಾನು ಮೂರು ಸಲ ಉದುರಿತು. ಒಂದು ಇಟ್ಟಿಗೆ ಇಡುವ ಮೊದಲು ನನ್ನ ಮುಖ ನೋಡುತ್ತಿದ್ದಳು, ಇಟ್ಟ ಮೇಲೂ ನೋಡುತ್ತಿದ್ದಳು. ಮೂರನೆಯ ಸಂಜೆ ಎದ್ದು ಕೈ ತೊಳೆದುಕೊಂಡು, ಸಾಕು ಅಣ್ಣ, ನೀನು ಮನೆಗೆ ಹೋಗು ಎಂದಳು.

ಪ್ರದರ್ಶನದ ದಿನ ಅವಳು ಬರಲಿಲ್ಲ. ಅವಳ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಮುಂದೆ ಹೆಸರಿನ ಚೀಟಿಯಿತ್ತು. ಜನ ಬಗ್ಗಿ ಚೀಟಿ ಓದಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ಪೋಸ್ಟ್ ಮಾಮ ನನ್ನ ಪಕ್ಕ ಬಂದು ನಿಂತು, ಆ ಊರು ಏನಾಯಿತು ಎಂದು ಕೇಳಿದರು. ತಾವು ಹದಿನೈದು ದಿನದ ಕೆಳಗೆ ಅವಳ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದಾಗಿಯೂ, ಅಂಥದ್ದನ್ನು ತಮ್ಮ ಜನ್ಮದಲ್ಲಿ ನೋಡಿಲ್ಲವೆಂದೂ ಹೇಳಿದರು. ನಾನು ನಡೆದದ್ದನ್ನು ಹೇಳಿದೆ. ಎಡಗೋಪುರದ ಬಣ್ಣ ನಿಮಗೆ ಹೇಗೆ ಕಂಡಿತ್ತು ಎಂದು ಕೇಳಿದೆ.

“ಒಂದೇ ಬಣ್ಣ ಇತ್ತಲ್ಲಪ್ಪ,” ಎಂದರು. “ಬಿಚ್ಚೋ ಮೊದಲು ನನಗೂ ಫೋನ್ ಮಾಡಿದ್ಲು, ನಿಮಗೆ ಎರಡು ಥರ ಕಂಡಿತ್ತಾ ಅಂತ. ನಿಮ್ಮಣ್ಣ ಹೇಳಿದ್ರೆ ಇರುತ್ತೆ ಬಿಡಮ್ಮ ಅಂದ್ಬಿಟ್ಟೆ,” ಎಂದರು.

ಮಾಮನ ಮೇಲೆ ಸಿಟ್ಟು ಮಾಡಲು ನನಗೆ ಯಾವ ಮುಖವಿತ್ತು? ಅವರನ್ನು ಹಾಗೆ ಮಾಡಿದವನೂ ನಾನೇ. ಗುಂಪಿನ ಯಾರ ಹತ್ತಿರವೂ ಆ ದಿನ ನಾನು ಒಂದು ತಪ್ಪನ್ನೂ ಹೇಳಲಿಲ್ಲ. ಎಲ್ಲರೂ ನನಗೆ ಹುಷಾರಿಲ್ಲ ಎಂದುಕೊಂಡರು.

ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಎಡಗಣ್ಣಿಗೆ ಪೊರೆ ಬಂದಿದೆ, ಹಳದಿಗಟ್ಟಿದೆ, ಮೆಲ್ಲಗೆ ಬಂದದ್ದರಿಂದ ಗೊತ್ತಾಗಿಲ್ಲ, ಸಣ್ಣ ಆಪರೇಷನ್, ಮೊದಲಿನಂತೆ ಕಾಣುತ್ತದೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಆಸ್ಪತ್ರೆಯಿಂದ ನೇರ ಅವಳ ಮನೆಗೆ ಹೋದದ್ದು ಆ ಖುಷಿಯನ್ನು ಹೇಳಿಕೊಳ್ಳಲು. ತಪ್ಪು ನನ್ನದಲ್ಲ, ಪೊರೆಯದು ಎಂದು ಅವಳ ಬಾಯಲ್ಲಿ ಕೇಳುವ ಆಸೆ ಇತ್ತು.

ಬಾಗಿಲು ಮತ್ತೆ ತನ್ನ ಜಾಗಕ್ಕೆ ಹೋಗಿತ್ತು. ಇಟ್ಟಿಗೆಗಳನ್ನೆಲ್ಲ ಮೂರು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದಳು. ತನ್ನ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕೊಡುತ್ತಾಳಂತೆ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ವಾಸಿಯಾಗುತ್ತಲ್ಲ, ಒಳ್ಳೇದಾಯ್ತು ಎಂದಳು, ಮನಸ್ಸಿನಿಂದಲೇ ಎಂದಳು. ಕುಡಿಯಲು ನೀರು ತಂದುಕೊಟ್ಟು ಎದುರಿಗೆ ಕೂತಳು. ಹೊಟ್ಟೆಗೆ ಹಾಕಿಕೊಳ್ಳಮ್ಮ ಎಂದೆ.

“ನಿನ್ನ ಮೇಲೆ ಸಿಟ್ಟಿಲ್ಲ ಅಣ್ಣ. ನನಗೆ ಒಂದೇ ಬಣ್ಣ ಕಾಣ್ತಿತ್ತು. ಕಣ್ಣೆದುರಿಗೇ ಕಾಣ್ತಿದ್ದದ್ದನ್ನ ಬಿಟ್ಟು ನಿನ್ನ ಮಾತು ಹಿಡಿದೆ. ಆವತ್ತಿನಿಂದ ಅದೇ ಯೋಚನೆ.” ತನ್ನ ಕೈಗಳನ್ನು ನೋಡಿಕೊಂಡಳು. ಇಸ್ತ್ರಿಯ ಶಾಖಕ್ಕೆ ಬೆರಳುಗಳು ಒಣಗಿ ಬಿರುಕು ಬಿಟ್ಟಿದ್ದವು. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಹದಿನಾರು ವರ್ಷದವಳಿದ್ದಾಗ ಕಟ್ಟಡದ ನಕ್ಷೆ ಬರೆಯೋ ಕೋರ್ಸಿಗೆ ಸೇರ್ತೀನಿ ಅಂತ ಒಂದು ಮನೆ ನಕ್ಷೆ ಬರೆದು ನಿನಗೆ ತೋರಿಸಿದ್ದೆ. ಗೆರೆ ಸೊಟ್ಟ, ನಿನ್ನ ಕೈಯಲ್ಲಿ ಇದಾಗಲ್ಲ ಅಂದೆ ನೀನು. ನನಗೆ ನೇರ ಕಾಣ್ತಿತ್ತು. ಆವತ್ತು ಅದು ನಿಜವಾಗ್ಲೂ ಸೊಟ್ಟಗಿತ್ತಾ?”

ಅವಳು ನಿಯಮ ಮುರಿದು ಸಮಜಾಯಿಷಿ ಹೇಳುತ್ತಿರಲಿಲ್ಲ, ಉತ್ತರ ಕೇಳುತ್ತಿದ್ದಳು. ನಾನು ಕೊಡಬೇಕೆಂದು ತಲೆಯೊಳಗೆಲ್ಲ ಹುಡುಕಿದೆ. ಕಾಗದ ಯಾವುದು, ಮನೆ ಎಂಥದ್ದು, ಗೆರೆ ಹೇಗಿತ್ತು, ನಾನು ಎಲ್ಲಿ ಕೂತಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಾ ಕಾದಳು. ನನಗೆ ಆ ನಕ್ಷೆ ನೋಡಿದ ನೆನಪೇ ಇರಲಿಲ್ಲ.