ಪರಶಪ್ಪನ ಹೆಸರಿನ ಲಾರಿ

ಸೊಲ್ಲಾಪುರದ ಆ ಲಾರಿ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಮುಶಿಗೇರಿಯ ಕನಕಪ್ಪ ಒಂದರ ಮೇಲೂ ಕೂಡಲಿಲ್ಲ. ಬೆಳಿಗ್ಗೆ ಬಂದಾಗಿನಿಂದ ಬಾಗಿಲಿಗೂ ಕಾರಕೂನನ ಮೇಜಿಗೂ ನಡುವೆ ತಿರುಗುತ್ತಲೇ ಇದ್ದ. ಹಿಂದಿನ ಬಯಲಿನಲ್ಲಿ ಅವನು ವರ್ಷದ ಮೇಲಾಗಿ ಕಾಯುತ್ತಿದ್ದ ಚಾಸಿ ನಿಂತಿತ್ತು. ಚಾಸಿಯೆಂದರೆ ಎಂಜಿನ್ನು, ಗಾಲಿ, ಉದ್ದನೆಯ ಎರಡು ಕಬ್ಬಿಣದ ತೊಲೆ, ಸ್ಟೇರಿಂಗು, ಅಷ್ಟೇ. ಆಗ ಲಾರಿ ಹಾಗೆಯೇ ಬರುತ್ತಿತ್ತು. ಕೊಂಡವರು ಊರಿಗೆ ಒಯ್ದು ಬಡಿಗರಿಂದ ಕಟ್ಟಿಗೆಯ ಮೈ ಕಟ್ಟಿಸಿಕೊಳ್ಳಬೇಕು.

ಕನಕಪ್ಪನಿಗೆ ಮುಶಿಗೇರಿಯಲ್ಲಿ ಹೊಲವಿತ್ತು, ನಾಲ್ಕಾರು ಚಕ್ಕಡಿಗಳಿದ್ದವು. ಗಜೇಂದ್ರಗಡದ ಪೇಟೆಯಿಂದ ಶೇಂಗಾ, ಹತ್ತಿ ಹೇರಿಕೊಂಡು ಗದಗಿಗೆ ಮುಟ್ಟಿಸುವುದು ಅವನ ಉದ್ಯೋಗ. ಇನ್ನು ಚಕ್ಕಡಿಯ ಕಾಲ ಮುಗಿಯಿತೆಂದು ಅವನಿಗೆ ಅನ್ನಿಸಿಬಿಟ್ಟಿತ್ತು. ನಾಡಿದ್ದು ದೀಪಾವಳಿಯ ಪಾಡ್ಯ. ಅಂದು ಹೊಸ ಲಾರಿಗೆ ಪೂಜೆಯೆಂದು ಊರಿಗೆಲ್ಲ ಹೇಳಿ, ನರಗುಂದದ ಡ್ರೈವರ ಮೆಹಬೂಬಸುಭಾನಿಯನ್ನು ಕರೆದುಕೊಂಡು ಹೊಳೆ ಆಲೂರಿನಲ್ಲಿ ರೈಲು ಹತ್ತಿ ಬಂದಿದ್ದ.

ಕೊನೆಗೆ ಕಾರಕೂನ ತಲೆಯೆತ್ತಿದ. “ಒಂದು ಅಡಚಣಿ ಅದ, ಕನಕಪ್ಪನವರ. ನಿನ್ನೆ ತನಕ ನೀವೂ ಮುಂಬಯಿ ರಾಜ್ಯದವ್ರು, ನಾವೂ ಮುಂಬಯಿ ರಾಜ್ಯದವ್ರು. ಇವತ್ತಿನಿಂದ ನಿಮ್ಮ ಧಾರವಾಡ ಜಿಲ್ಲಾ ಮೈಸೂರು ರಾಜ್ಯಕ್ಕ ಹೋತು. ಪೇಪರ ಓದಿಲ್ಲೇನು?”

“ಗೊತ್ತೈತ್ರಿ. ನಮ್ಮೂರಾಗ ಇವತ್ತ ಸಾಲಿ ಹುಡುಗರಿಗೆ ಸಕ್ರಿ ಹಂಚಾಕತ್ತಾರ. ಅದಕ್ಕೂ ನನ್ನ ಗಾಡಿಗೂ ಏನ ಸಂಬಂಧರಿ?”

“ನಮ್ಮ ಪಾಲಿಗೆ ಬಂದ ಗಾಡಿ ನಮ್ಮ ರಾಜ್ಯದವರಿಗೇ ಮಾರಬೇಕಂತ ಮ್ಯಾಲಿನಿಂದ ತಾರು ಬಂದದ. ನೀವೀಗ ಹೊರರಾಜ್ಯದ ಗಿರಾಕಿ. ಹುಬ್ಬಳ್ಳಿ ಏಜೆಂಟರ ಹತ್ರ ಹೆಸರು ಹಚ್ರಿ.”

“ಅಲ್ಲೆ ಹಚ್ಚಿದ್ರ ಯಾವಾಗ ಸಿಗತೈತಿ?”

“ಅದು ನಿಮ್ಮ ನಸೀಬ.”

ಕನಕಪ್ಪ ಮೇಜಿನ ಮೇಲೆ ಎರಡೂ ಕೈ ಊರಿದ. “ನಿನ್ನೆನ ಬಂದು ನಿಂತಿದ್ನೆಲ್ಲೋ ಮಾರಾಯ! ಶೇಠಜಿ ಇಲ್ಲ, ನಾಳೆ ಬಾ ಅಂದಾಂವ ನೀನ. ಒಂದ ರಾತ್ರ್ಯಾಗ ನಾ ಹೊರಗಿನಾಂವ ಆದ್ನೇನು?”

ಮೆಹಬೂಬಸುಭಾನಿ ಅವನ ತೋಳು ಹಿಡಿದು ಹಿಂದಕ್ಕೆಳೆದ. “ಸಮಾಧಾನ ಮಾಡ್ಕೋರಿ, ಕನಕಪ್ಪಣ್ಣಾ. ಜಗಳ ಮಾಡಿದ್ರ ಚಾಸಿ ತಾನ ಎದ್ದು ಬರೂದಿಲ್ಲ.”

ಕಾರಕೂನನಿಗೂ ಮರುಕ ಬಂದಿರಬೇಕು. ದನಿ ತಗ್ಗಿಸಿ ಹೇಳಿದ: “ಈ ಊರಾಗ ನಿಮ್ಮವ್ರು ಯಾರರ ಇದ್ರ ಅವರ ಹೆಸರಿಲೆ ತಗೊಳ್ರಿ. ಮುಂದ ಅವ್ರು ಧಾರವಾಡಕ್ಕ ಬಂದು ಸಹಿ ಹಾಕಿದ್ರ ನಿಮ್ಮ ಹೆಸರಿಗೆ ಆಗ್ತದ. ಆದ್ರ ನಂಬಿಗಸ್ತ ಮನುಷ್ಯಾ ಇರಬೇಕು.”

ಸೊಲ್ಲಾಪುರದಲ್ಲಿ ಕನಕಪ್ಪನಿಗೆ ಗೊತ್ತಿದ್ದವನು ಒಬ್ಬನೇ, ಪರಶಪ್ಪ. ಹಿಂದೆ ಅವನ ಮನೆಯಲ್ಲೇ ವರ್ಷದ ಆಳಾಗಿದ್ದವನು. ಒಂದು ಬಿತ್ತಿಗೆಯ ಹಂಗಾಮಿನಲ್ಲಿ, ಕೂರಿಗೆ ಹೊಲದಲ್ಲಿರುವಾಗಲೇ, ಯಾರಿಗೂ ಹೇಳದೆ ಹೆಂಡತಿಯನ್ನು ಕರೆದುಕೊಂಡು ಇಲ್ಲಿಯ ಬಟ್ಟೆ ಗಿರಣಿಯ ಕೆಲಸಕ್ಕೆ ಓಡಿಬಂದಿದ್ದ. ಅಂದು ಕನಕಪ್ಪ ಅವನ ತಾಯಿ ಗಾಳೆವ್ವನ ಗುಡಿಸಲ ಮುಂದೆ ನಿಂತು, “ಮಗಾ ಊರಾಗ ಕಾಲಿಟ್ರ ಕಾಲ ಮುರಿತೀನಿ ಅಂತ ಹೇಳು” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಅದಾದ ಮೇಲೆ ಪರಶಪ್ಪ ಊರ ಕಡೆ ಮುಖ ಹಾಕಿರಲಿಲ್ಲ.

“ಬ್ಯಾರೆ ಯಾರೂ ಇಲ್ಲೇನ್ರಿ?” ಮೆಹಬೂಬಸುಭಾನಿ ಕೇಳಿದ.

“ಇದ್ದಿದ್ರ ಇವನ ಹೆಸರು ಬಾಯಾಗ ಬರತಿತ್ತೇನೋ?” ಎಂದು ಕನಕಪ್ಪ ಅಂಗಡಿಯ ಮೆಟ್ಟಿಲಿಳಿದ.

ಗಿರಣಿ ಕೆಲಸಗಾರರಿದ್ದ ಸಾಲುಕೋಣೆಗಳ ಚಾಳು ಹುಡುಕಲು ಬಹಳ ಹೊತ್ತು ಹಿಡಿಯಿತು. ಒಂದು ಕೋಣೆಯ ಬಾಗಿಲಲ್ಲಿ ಪರಶಪ್ಪನ ಹೆಂಡತಿ ಯಂಕವ್ವ ಮೊರದ ತುಂಬ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕನಕಪ್ಪನನ್ನು ಕಂಡು ದಡಕ್ಕನೆ ಎದ್ದು ಸೆರಗು ಹೊದ್ದಳು. ಪರಶಪ್ಪ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ನವಿರು ಅಂಟಿಕೊಂಡು ಮುದುಕನ ಹಾಗೆ ಕಾಣುತ್ತಿದ್ದ.

“ಏನ್ರಿ ಧಣ್ಯಾರ, ಕಾಲ ಮುರಿಯಾಕ ಇಲ್ಲೀ ತನಕ ಬಂದ್ರೇನು?”

ಅವನು ನಗೆಯಾಡಿದನೋ ಖರೇ ಕೇಳಿದನೋ ಕನಕಪ್ಪನಿಗೆ ಗೊತ್ತಾಗಲಿಲ್ಲ. ಹಾಸಿದ ಚಾಪೆಯ ಮೇಲೂ ಕೂಡದೆ, ನಿಂತುಕೊಂಡೇ ಎಲ್ಲ ಹೇಳಿದ. ಬೇಡುವ ಮಾತು ಅವನಿಗೆ ರೂಢಿಯಿರಲಿಲ್ಲ. ನಡುನಡುವೆ ತಡವರಿಸಿದ.

ಮೊದಲು ಬಾಯಿಬಿಟ್ಟವಳು ಯಂಕವ್ವ. “ಬ್ಯಾಡ. ಅದು ನಾಳೆ ಯಾರ ಮ್ಯಾಲರ ಹಾದ್ರ ಪೊಲೀಸರು ನಮ್ಮ ಬಾಗಲಿಗೆ ಬರ್ತಾರ.”

ಪರಶಪ್ಪ ಡ್ರೈವರನ ಕಡೆ ನೋಡಿದ. “ಗಾಡಿ ಹೊಡಿಯೋರು ನೀವೇನ್ರಿ? ಯಾರನ್ನರ ಹಾಯಿಸೀರೇನು?”

“ಒಂದ ಕೋಳಿ,” ಎಂದ ಮೆಹಬೂಬಸುಭಾನಿ. “ಅದು ತಾನ ಬಂದು ಬಿತ್ತು.”

ಯಂಕವ್ವನಿಗೂ ನಗೆ ತಡೆಯಲಾಗಲಿಲ್ಲ. ಪರಶಪ್ಪ ಮುಖ ತೊಳೆದು ಬಂದು ಹೇಳಿದ: “ಆತ್ರಿ. ಆದ್ರ ನನ್ನ ಹೆಸರಿಲೆ ಹೊಂಟ ಗಾಡಿ ಕೂಡ ನಾನೂ ಬರಾಂವ. ಅವ್ವನ ಮಾರಿ ನೋಡಿ ಭಾಳ ವರ್ಷಾತು.”

ಕನಕಪ್ಪನಿಗೆ ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ.

ಮರುದಿನ ಕಾಗದಗಳ ಮೇಲೆ ಪರಶಪ್ಪನ ಹೆಸರು ಬಿತ್ತು. ತಾತ್ಕಾಲಿಕ ನಂಬರಿನ ಹಲಗೆ ಕಟ್ಟಿಕೊಂಡು ಚಾಸಿ ಊರು ಬಿಟ್ಟಿತು. ಡ್ರೈವರನಿಗೆ ಕೂಡಲು ಒಂದು ಖಾಲಿ ಪೆಟ್ಟಿಗೆ, ಉಳಿದಿಬ್ಬರಿಗೆ ಅಡ್ಡ ಬಿಗಿದ ಹಲಗೆ. ಮೇಲೆ ಚಾವಣಿಯಿಲ್ಲ, ಮುಂದೆ ಗಾಜಿಲ್ಲ. ಧೂಳು, ಹುಳ ನೇರವಾಗಿ ಕಣ್ಣಿಗೇ ಬರುತ್ತಿದ್ದವು. ಕನಕಪ್ಪನ ರುಮಾಲು ಎರಡು ಸಲ ಹಾರಿಹೋಯಿತು. ಎರಡೂ ಸಲ ಪರಶಪ್ಪನೇ ಜಿಗಿದು ಓಡಿ ತಂದುಕೊಟ್ಟ. ಕಾಗದ ಅವನ ಅಂಗಿಯ ಕಿಸೆಯಲ್ಲಿತ್ತು. ಅವನು ಓಡಿದಾಗಲೆಲ್ಲ ಕನಕಪ್ಪನ ಕಣ್ಣು ರುಮಾಲನ್ನು ಬಿಟ್ಟು ಆ ಕಿಸೆಯನ್ನೇ ನೋಡುತ್ತಿತ್ತು.

ಭೀಮಾ ನದಿ ದಾಟುವಲ್ಲಿ ಹೊಸದಾಗಿ ನಿಂತಿದ್ದ ಪೊಲೀಸನೊಬ್ಬ ಕೈ ಅಡ್ಡ ಮಾಡಿದ. ನದಿಯ ಈಚೆ ಒಂದು ರಾಜ್ಯ, ಆಚೆ ಒಂದು ರಾಜ್ಯ ಆಗಿ ಎರಡನೆಯ ದಿನ. ಏನನ್ನು ತಡೆಯಬೇಕು, ಏನನ್ನು ಬಿಡಬೇಕು ಎಂಬುದು ಅವನಿಗೂ ಸರಿಯಾಗಿ ತಿಳಿದಂತಿರಲಿಲ್ಲ.

“ಮಾಲಕರು ಯಾರು?”

ನಾನು ಎನ್ನಲು ಕನಕಪ್ಪ ಬಾಯಿ ತೆರೆದೇಬಿಟ್ಟಿದ್ದ. ಮೆಹಬೂಬಸುಭಾನಿ ಅವನ ತೊಡೆ ಚಿವುಟಿದ.

“ನಾನರಿ,” ಎಂದು ಪರಶಪ್ಪ ಕಾಗದ ಕೊಟ್ಟ.

ಪೊಲೀಸ ಕಾಗದ ನೋಡಿ, ಪರಶಪ್ಪನ ಹರಕು ಅಂಗಿ ನೋಡಿ, ಕನಕಪ್ಪನ ಜರಿಯ ರುಮಾಲು ನೋಡಿದ. “ಇವರ್ಯಾರು?”

“ನಮ್ಮೂರವ್ರರಿ. ಹಬ್ಬಕ್ಕ ಊರಿಗೆ ಹೊಂಟಿದ್ರು, ಪಾಪ, ಹತ್ತಿಸಿಕೊಂಡ್ವಿ.”

ವಿಜಾಪುರ ಬರುವ ತನಕ ಮೆಹಬೂಬಸುಭಾನಿ ನೆನಸಿಕೊಂಡು ನೆನಸಿಕೊಂಡು ನಕ್ಕ. ಕನಕಪ್ಪ ನಗಲಿಲ್ಲ. ರಾತ್ರಿ ಧರ್ಮಶಾಲೆಯಲ್ಲಿ ನಿದ್ದೆಯೂ ಮಾಡಲಿಲ್ಲ.

ಪಾಡ್ಯದ ದಿನ ಇಳಿಹೊತ್ತಿಗೆ ಚಾಸಿ ಮುಶಿಗೇರಿಯ ಅಗಸಿ ಬಾಗಿಲೊಳಗೆ ಬಂತು. ಬೆಳಗಿನಿಂದ ಕಾಯ್ದಿದ್ದ ಜನ ಸುತ್ತ ನೆರೆದು ಪಿಳಿಪಿಳಿ ನೋಡಿದರು.

“ಎಲಾ ಇದರ, ತೊಗಲ ಎಲ್ಲೆ ಬಿಟ್ಟು ಬಂದ್ರಿ? ಬರೇ ಎಲವು ತಂದೀರಲ್ಲ!” ಎಂದು ಮುದುಕ ಮೈಲಾರಪ್ಪ ಅಂದದ್ದೇ ತಡ, ಎಲ್ಲರೂ ಗೊಳ್ಳೆಂದರು.

ಕನಕಪ್ಪನ ಹೆಂಡತಿ ಕರೆವ್ವ ಆರತಿಯ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಗಾಳೆವ್ವ ಜನರನ್ನು ಸೀಳಿಕೊಂಡು ಬಂದಳು. ಮಗನ ಗಲ್ಲ ಹಿಡಿದು ಅತ್ತಳು, ಬೈದಳು, ಮತ್ತೆ ಅತ್ತಳು.

“ಯಾರ ಗಾಡಿ ಮ್ಯಾಲೆ ಬಂದ್ಯೋ ಯಪ್ಪಾ?”

“ಕಾಗದದ ಪ್ರಕಾರ ನನ್ನ ಗಾಡೀನ ಬೇ, ಯವ್ವಾ.”

ಗಾಳೆವ್ವ ಅದನ್ನು ಹಾಗೆಯೇ ನಂಬಿದಳು. ತುರುಬಿನಲ್ಲಿದ್ದ ಚೆಂಡು ಹೂ ತೆಗೆದು ಎಂಜಿನ್ನಿನ ಮೇಲಿಟ್ಟು, ಎರಡೂ ಕೈಯಿಂದ ನಿವಾಳಿಸಿ ನೆಟಿಗೆ ಮುರಿದಳು. ಕರೆವ್ವ ತಟ್ಟೆ ಹಿಡಿದುಕೊಂಡು ಅದು ಮುಗಿಯುವ ತನಕ ತಾಳಿದಳು. ಕನಕಪ್ಪ ಮುಖ ಆಚೆ ತಿರುಗಿಸಿದ.

ಎರಡು ದಿನ ಇದ್ದು ಪರಶಪ್ಪ ಹೊರಟುನಿಂತ. ಧಾರವಾಡದ ಕಚೇರಿಗಳಿಗೆ ಹಬ್ಬದ ಸೂಟಿ. “ಗದಗಿನ್ಯಾಗ ಮೈ ಕಟ್ಟಸ್ರಿ. ರಜಾ ಸಿಕ್ಕ ಕೂಡ್ಲೆ ಬಂದು ಸಹಿ ಹಾಕ್ತೀನಿ,” ಎಂದು ಹೇಳಿ ಹೋದ.

ಮೈ ಕಟ್ಟಿ ಮುಗಿಯಿತು, ಹಸಿರು ಬಣ್ಣ ಬಂತು, ಶೇಂಗಾದ ಸುಗ್ಗಿಯೂ ಬಂತು. ಪರಶಪ್ಪ ಬರಲಿಲ್ಲ. ಲಾರಿ ಗಜೇಂದ್ರಗಡದ ಪೇಟೆಗೆ ಹೋದರೆ ಹಮಾಲರು, “ಪರಶಪ್ಪನ ಲಾರಿ ಬಂತು, ದಾರಿ ಬಿಡ್ರಿ” ಎನ್ನುತ್ತಿದ್ದರು. ಚೇಷ್ಟೆಗೆ ಶುರುವಾದ ಮಾತು ಹೆಸರೇ ಆಗಿಹೋಯಿತು. ಕನಕಪ್ಪನಿಗೆ ಊಟ ಹೊಟ್ಟೆಗೆ ಹತ್ತದಾಯಿತು. ಲಾರಿ ಹೊರಗೆ ಹೋದರೆ ಎಲ್ಲಿ ಗುದ್ದಿತೋ ಎಂಬ ಚಿಂತೆ. ಮನೆಯ ಮುಂದೆ ನಿಂತಿದ್ದರೆ ಪರಶಪ್ಪ ಯಾರಿಗಾದರೂ ಮಾರಿಬಿಟ್ಟಿದ್ದರೆ ಎಂಬ ಚಿಂತೆ. ಲಾರಿ ಬಂದರೆ ಮಾರುವುದಾಗಿ ಹಬ್ಬಕ್ಕೆ ಮೊದಲು ಹೇಳಿದ್ದ ಚಕ್ಕಡಿಯ ಎತ್ತುಗಳನ್ನು ಹಾಗೆಯೇ ಇಟ್ಟುಕೊಂಡ. ಸೊಲ್ಲಾಪುರಕ್ಕೆ ಹೋಗುವವರ ಕೈಯಲ್ಲೆಲ್ಲ ಹೇಳಿಕಳಿಸಿದ. ರಜೆ ಸಿಕ್ಕಿಲ್ಲವೆಂಬ ಒಂದೇ ಉತ್ತರ ಬರುತ್ತಿತ್ತು.

“ಒಂದ ಕಡೆ ಕುಂದರ್ರಿ,” ಎಂದಳು ಕರೆವ್ವ. “ನೀವು ಪಡಸಾಲ್ಯಾಗ ತಿರಗಿದ್ರ ಆಂವ ಸೊಲ್ಲಾಪುರದಿಂದ ಲಗೂ ಬರ್ತಾನೇನು?”

“ಆಂವ ಬರೂದಿಲ್ಲ. ನನ್ನ ಮ್ಯಾಲಿನ ಸಿಟ್ಟ ತೀರಿಸಿಕೊಳ್ಳಾಕತ್ತಾನ.”

“ಸಿಟ್ಟ ಬರೂ ಹಂಗ ನೀವ ಮಾಡಿದ್ರಿ. ತೀರಿಸಿಕೊಳ್ಳಲಿ ತಗೊಳ್ರಿ.”

ಒಂದು ಮುಂಜಾನೆ ಪರಶಪ್ಪ ತಾನಾಗಿಯೇ ಬಂದು ಅಂಗಳದಲ್ಲಿ ನಿಂತ. ಕೈಯಲ್ಲಿ ಚೀಲವೂ ಇರಲಿಲ್ಲ.

“ನಾಳೆ ಧಾರವಾಡಕ್ಕ ಹೋಗೂಣ್ರಿ, ಧಣ್ಯಾರ. ಅದಕ್ಕ ಮೊದ್ಲ ಒಂದ ಮಾತು. ನಮ್ಮ ಓಣಿ ಹೆಣ್ಮಕ್ಕಳು ಇಟಗಿ ಭೀಮವ್ವನ ಗುಡಿಗೆ ಹೋಗಬೇಕಂತಾರ. ಇವತ್ತ ಲಾರಿ ಕೊಡ್ರಿ.”

ಕನಕಪ್ಪನಿಗೆ ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಬಂತು. “ಏನಲೇ, ಸಹಿ ಮುಂದಿಟ್ಟು ಹೆದರಸ್ತೀಯೇನು?”

“ಹೆದರಸೂದಲ್ರಿ, ಕೇಳೂದು.”

“ಒಲ್ಲೆ ಅಂದ್ರ?”

“ಒಲ್ಲೆ ಅಂದ್ರೂ ಸಹಿ ಹಾಕ್ತೀನಿ. ಆದ್ರ ಅವ್ವ ಬುತ್ತಿ ಕಟಗೊಂಡು ಕುಂತಾಳ. ಆಕಿಗೆ ನೀವ ಬಂದು ಇಲ್ಲ ಅಂತ ಹೇಳ್ರಿ. ನನಗ ಆಗೂದಿಲ್ಲ.”

ಕನಕಪ್ಪ ಅಂಗಳದ ಈ ತುದಿಯಿಂದ ಆ ತುದಿಗೆ ಹೋದ, ಬಂದ. ಅಷ್ಟರಲ್ಲಿ ಕರೆವ್ವ ಒಳಗಿನಿಂದ ಕಾಯಿ, ಊದಿನಕಡ್ಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು, “ನಾನೂ ಬರಾಕಿ. ಮೆಹಬೂಬಗ ಗಾಡಿ ಚಾಲೂ ಮಾಡಂತ ಹೇಳ್ರಿ” ಎಂದಳು. ಗಂಡನ ಮುಖವನ್ನು ನೋಡಲೂ ಇಲ್ಲ.

ಅಂದು ಲಾರಿ ತುಂಬ ಹೆಂಗಸರು. ಊರ ಹೊರಗಿನ ಆ ಓಣಿಯ ಬಹಳ ಜನ ಮೋಟಾರು ಹತ್ತಿದ್ದು ಅದೇ ಮೊದಲು. ಹೊರಟಾಗ ಚೀರಿದರು, ಸ್ವಲ್ಪ ದೂರ ಹೋದ ಮೇಲೆ ಒಬ್ಬಳು ಹಾಡು ಎತ್ತಿದಳು, ಉಳಿದವರು ಸೊಲ್ಲು ಕೂಡಿಸಿದರು. ಕರೆವ್ವ ಗಾಳೆವ್ವನ ಪಕ್ಕದಲ್ಲಿ ಹಗ್ಗ ಹಿಡಿದು ಕೂತಿದ್ದಳು. ಮನೆಯಲ್ಲಿ ನಿಲ್ಲಲಾರದೆ ಕನಕಪ್ಪನೂ ಬಂದಿದ್ದ. ಇಟಗಿಯಲ್ಲಿ ಎಲ್ಲರೂ ಗುಡಿಯೊಳಗೆ ಹೋದರೆ ಅವನು ಲಾರಿಯ ಸುತ್ತ ತಿರುಗಿ ಗಾಲಿ ಒದ್ದು ನೋಡುತ್ತಿದ್ದ. ಗಾಳೆವ್ವ ಹುಡುಕಿಕೊಂಡು ಬಂದು ಅವನ ಕೈಯಲ್ಲಿ ರೊಟ್ಟಿ, ಪಲ್ಯ ಇಟ್ಟಳು. “ಉಣ್ರಿ ಯಪ್ಪಾ, ಮಾರಿ ಬಾಡೇತಿ.” ಅವನು ಲಾರಿಗೆ ಒರಗಿ ನಿಂತು ತಿಂದ. ಬಹಳ ಹಸಿದಿದ್ದನೆಂದು ತಿನ್ನುವಾಗ ಗೊತ್ತಾಯಿತು.

ಮರುದಿನ ಮೂವರೂ ಧಾರವಾಡದ ದಾರಿ ಹಿಡಿದರು. ರೋಣ ದಾಟಿ ನರಗುಂದಕ್ಕೆ ಬಂದಾಗ ಮೆಹಬೂಬಸುಭಾನಿ ತನ್ನ ಮನೆಯ ಮುಂದೆ ನಿಲ್ಲಿಸಿದ. ಅವನ ಹೆಂಡತಿ ಸಾಬೀರಾ ಚಹಾ ತಂದುಕೊಟ್ಟಳು. ಮತ್ತೆ ಹೊರಟ ಮೇಲೆ, ಎರಡೂ ಕಡೆ ಕರಿ ನೆಲ, ಜೋಳ. ಕನಕಪ್ಪ ಬಹಳ ದಿನದಿಂದ ಬಾಯಿಗೆ ಬಂದು ನಿಂತಿದ್ದನ್ನು ಕೇಳಿದ.

“ಆ ವರ್ಷ ಹೇಳದ ಕೇಳದ ಯಾಕ ಓಡಿಹೋದಿ?”

“ಹೇಳಿದ್ರ ಬಿಡತಿದ್ರೇನ್ರಿ?”

ಕನಕಪ್ಪ ಹೊಲಗಳ ಕಡೆ ನೋಡಿದ. ಬಿಡುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಕಚೇರಿಯಲ್ಲಿ ಕೆಲಸ ಬೇಗ ಮುಗಿಯಿತು. ಪರಶಪ್ಪ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದ. ಲಾರಿ ಕನಕಪ್ಪನದಾಯಿತು. ಈ ಗಳಿಗೆಗಾಗಿ ಅವನು ಎಷ್ಟು ರಾತ್ರಿ ಎದ್ದು ಕೂತಿದ್ದನೋ. ಈಗ ಕಾಗದ ಕೈಗೆ ಬಂದರೆ ಮಡಚಿ ಕಿಸೆಗಿಟ್ಟುಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡಲು ಇರಲಿಲ್ಲ.

ಪರಶಪ್ಪನನ್ನು ರೈಲಿಗೆ ಮುಟ್ಟಿಸಲು ಸ್ಟೇಷನ್ನಿಗೆ ಬಂದರು. ರೈಲು ಬಂದು ನಿಂತಿತು. ಪರಶಪ್ಪ ಹತ್ತಿ ಕಿಟಕಿಯ ಬಳಿ ಕೂತ. ಕನಕಪ್ಪ ಅತ್ತಿತ್ತ ತಿರುಗಿ ಕಿಟಕಿಯ ಮುಂದೆ ಬಂದ.

“ಯುಗಾದಿಗೆ ಬಾ. ಯಂಕವ್ವನ್ನೂ ಕರಕೊಂಡು ಬಾ. ಹೊಳೆ ಆಲೂರಿಗೆ ಲಾರಿ ಕಳಸ್ತೀನಿ.”

“ನೋಡೂಣ್ರಿ. ರಜಾ ಸಿಗಬೇಕಲ್ರಿ,” ಎಂದ ಪರಶಪ್ಪ.

ಅದರಲ್ಲಿ ಸಿಟ್ಟಿರಲಿಲ್ಲ, ಬಿಗುಮಾನವೂ ಇರಲಿಲ್ಲ. ಅವನ ಮನಸ್ಸು ಆಗಲೇ ಗಿರಣಿಯ ಪಾಳಿಯ ಕಡೆ ಹೋಗಿತ್ತು. ಕನಕಪ್ಪನಿಗೆ ಇನ್ನೂ ಏನೋ ಹೇಳುವುದಿತ್ತು. ಏನೆಂದು ಹೊಳೆಯುವ ಮೊದಲೇ ರೈಲು ಜಗ್ಗಿತು. ಅವನು ಕಿಟಕಿಯ ಸರಿಸಮ ನಾಲ್ಕು ಹೆಜ್ಜೆ ನಡೆದ, ಆಮೇಲೆ ನಿಂತ.

ಹೊರಗೆ ಮೆಹಬೂಬಸುಭಾನಿ ಹಾರ್ನು ಬಾರಿಸಿದ. ಗದಗಿನಲ್ಲಿ ಹೇರು ಹೇರಬೇಕಿತ್ತು, ಹೊತ್ತಾಗಿತ್ತು. ಕನಕಪ್ಪ ಬೋಗಿಗಳೆಲ್ಲ ದಾಟಿಹೋಗುವ ತನಕ ಅಲ್ಲೇ ನಿಂತಿದ್ದು, ಬಿರಬಿರನೆ ಹೊರಗೆ ಬಂದ.