ಯಂತ್ರದ ವಿರುದ್ಧ ಒಂದೂವರೆ ಪುಟ

ಹೆಡ್‌ಫೋನಿನ ಸ್ಪಂಜು ಮತ್ತೆ ಉದುರಿತು, ಕೆನ್ನೆ ಮೇಲೆ ಕರೀ ಪುಡಿ, ಒರೆಸಿಕೊಂಡರೆ ಇನ್ನಷ್ಟು ಹರಡುತ್ತದೆ, ಹೋಗಲಿ, ಇವಳ ಮುಖವನ್ನು ಯಾರು ನೋಡಬೇಕು, ಆಸ್ಪತ್ರೆಯ ಈ ಟೈಪಿಂಗ್ ಕೋಣೆಗೆ ಕಿಟಕಿಯೂ ಇಲ್ಲ ಕನ್ನಡಿಯೂ ಇಲ್ಲ, ಇರುವುದು ಮೂರು ಮೇಜು, ಮೂವರು ಹೆಂಗಸರು, ಇಪ್ಪತ್ತೆರಡು ವರ್ಷದಿಂದ ಕಿವಿಯೊಳಗೆ ರೋಗಿಗಳ ವರದಿ ಹೇಳುವ ಡಾಕ್ಟರುಗಳ ರೆಕಾರ್ಡಿನ ದನಿ, ಕೇಳಿ ಬಡಿಯುವುದೇ ಕೆಲಸ — ಈಗ ಅದೂ ಇಲ್ಲ, ಪರದೆಯ ಮೇಲೆ ಒಂದು ಖಾಲಿ ಪುಟ, ತಲೆಬರಹ ಮಾತ್ರ ಇದೆ, ಕೃತಕ ಬುದ್ಧಿಮತ್ತೆಗೆ ಈ ಕೆಲಸ ಯಾಕೆ ಒಪ್ಪಿಸಬಾರದು. ನಾಲ್ಕು ಗಂಟೆಗೆ ಸಮಿತಿ ಕೂರುತ್ತದೆ. ಒಂದೂವರೆ ಪುಟ ಸಾಕು ಮೇಡಂ, ಮನಸ್ಸಿಗೆ ನಾಟೋ ಹಾಗೆ ಬರೀರಿ, ನಾಟಿದರೆ ನಿಮ್ಮ ಕೋಣೆ ಉಳಿಯುತ್ತೆ, ಇಲ್ಲಾಂದ್ರೆ ಒಂದನೇ ತಾರೀಖಿನಿಂದ ಯಂತ್ರ, ಅಂದು ಮ್ಯಾನೇಜರು ನಕ್ಕಿದ್ದರು, ಕೆಟ್ಟ ಮನುಷ್ಯರಲ್ಲ, ನಗು ಅವರಿಗೆ ರೂಢಿ. ಪಕ್ಕದ ಮೇಜಿನ ದೊಡ್ಡಕ್ಕ, ಇವಳಿಗೆ ಕೆಲಸ ಕಲಿಸಿದವಳು, ನಿವೃತ್ತಿಗೆ ಇನ್ನೆರಡೇ ವರ್ಷ, ನೀನೇ ಬರಿ ಕಣೇ, ಬೇರೆಯವರ ಮಾತಾದ್ರೆ ಸಾವಿರ ಪುಟ ಬಡೀತೀನಿ, ಸ್ವಂತದ್ದು ಒಂದು ಸಾಲೂ ಬರಲ್ಲ ನಂಗೆ, ಎಂದು ಕೈತೊಳೆದುಕೊಂಡಳು.

ಮನಸ್ಸಿಗೆ ನಾಟಿಸಲು ಮೂರು ದಾರಿ ಇವೆಯಂತೆ. ಬೆಳಿಗ್ಗೆ ಮಗಳು ತಲೆ ಬಾಚುತ್ತಾ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಪಾಠ ಮಾಡಿದ್ದಳು, ಕಾಲೇಜಿನ ಚರ್ಚಾಸ್ಪರ್ಧೆಗೆ ಇದನ್ನೇ ಹೇಳಿಕೊಡುತ್ತಾರಂತೆ, ಒಂದೋ ಅಂಕಿಅಂಶ ಇಡು, ಇಲ್ಲಾ ಕಣ್ಣಲ್ಲಿ ನೀರು ಬರಿಸು, ಇಲ್ಲಾ ಇಷ್ಟು ವರ್ಷ ದುಡಿದವಳು ನಾನು, ನನ್ನ ಮಾತು ನಂಬಿ ಅನ್ನು, ಯಾವುದಾದ್ರೂ ಒಂದನ್ನ ಗಟ್ಟಿಯಾಗಿ ಹಿಡ್ಕೋ ಅಮ್ಮ, ಮೂರನ್ನೂ ಕಲಸಬೇಡ. ಅಂಕಿ ಹಿಡಿದರೆ ಸೋತಂತೆಯೇ, ಇವಳ ಇಡೀ ದಿನದ ಕೆಲಸವನ್ನು ಯಂತ್ರ ಕಾಫಿ ಆರುವುದರೊಳಗೆ ಮುಗಿಸುತ್ತದೆ, ಅದಕ್ಕೆ ಸೊಂಟವೂ ಇಲ್ಲ ನೋವೂ ಇಲ್ಲ. ಕಣ್ಣೀರು — ದೊಡ್ಡಕ್ಕನ ಊದಿದ ಬೆರಳ ಗೆಣ್ಣುಗಳ ಬಗ್ಗೆ ಎರಡು ಸಾಲು ಬರೆದಳು, ಓದಿದರೆ ಭಿಕ್ಷೆ ಬೇಡಿದ ಹಾಗಿತ್ತು, ಅಳಿಸಿದಳು. ಉಳಿದದ್ದು ನಂಬಿಕೆಯ ದಾರಿ. ಯಂತ್ರ ಕೇಳಿಸಿದ್ದನ್ನು ಬರೆಯುತ್ತದೆ, ನಾವು ಡಾಕ್ಟರು ಹೇಳಬೇಕೆಂದಿದ್ದನ್ನು ಬರೆಯುತ್ತೇವೆ — ಪರವಾಗಿಲ್ಲ, ಚೆನ್ನಾಗಿದೆ, ನಿಜವೂ ಹೌದು, ಮೂಳೆ ಡಾಕ್ಟರನ್ನೇ ನೋಡು, ರೋಗಿಯ ಎದುರು ನಿಂತೇ ರೆಕಾರ್ಡರಿಗೆ ಹೇಳುವವರು, ತಮ್ಮ ಬಲಗೈ ಕಡೆಗಿರುವುದನ್ನೆಲ್ಲ ಬಲ ಅನ್ನುವವರು, ರೋಗಿಗೆ ಅದು ಎಡ. ಮೊದಲ ವಾರವೇ ದೊಡ್ಡಕ್ಕ ಹೇಳಿದ್ದಳು, ಅವರು ಬಲ ಅಂದ್ರೆ ನೀನು ಎಡ ಬಡಿ, ಎಡ ಅಂದ್ರೆ ಬಲ, ಅವರಿಗೆ ಮಾತ್ರ ಹೇಳೋಕೆ ಹೋಗಬೇಡ, ಸಿಟ್ಟು ಮೂಗಿನ ತುದೀಲಿದೆ, ಓದದೇನೇ ಸಹಿ ಹಾಕ್ತಾರೆ. ಹೀಗೆ ಎಷ್ಟು ಸಾವಿರ ಕೈಕಾಲುಗಳನ್ನು ಸದ್ದಿಲ್ಲದೆ ಸರಿಮಾಡಿದ್ದಾರೋ ಇವರು, ಅದನ್ನೇ ಬರೆಯಬೇಕು, ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ತಪ್ಪು — ಬೆರಳು ಅಲ್ಲೇ ನಿಂತಿತು.

ಆರು ವರ್ಷ ಆಯಿತಲ್ಲ. ಅವತ್ತು ಮೂಳೆ ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು, ಎದುರು ರೋಗಿಯಿಲ್ಲದೆ, ಎಕ್ಸ್‌ರೇ ನೋಡಿಕೊಂಡು ಹೇಳಿದ್ದರು, ಎಡ ಮೊಣಕಾಲು ಅಂದರು, ಅದು ಎಡವೇ ಆಗಿತ್ತು, ಇವಳ ಬೆರಳುಗಳು ಇವಳನ್ನು ಕೇಳದೆ ಬಲ ಎಂದು ಬಡಿದವು. ವಾರ್ಡಿಗೆ ಬೇರೆ ಕಾಗದ ಕೊಡಲು ಹೋದಾಗ ಕಂಡದ್ದು ಬಲ ಮೊಣಕಾಲು, ಆಪರೇಷನ್ನಿಗೆಂದು ಬೋಳಿಸಿದ್ದು, ಮೇಲೆ ನೀಲಿ ಶಾಯಿಯ ಬಾಣದ ಗುರುತು, ಸ್ಟ್ರೆಚರಿನ ಮೇಲಿಂದ ಆ ರೋಗಿ, ಒಬ್ಬ ಬಸ್ ಡ್ರೈವರು, ತಲೆಯೆತ್ತಿ ಮೆತ್ತಗೆ ಹೇಳುತ್ತಿದ್ದ, ಸಿಸ್ಟರ್, ನೋವಿರೋದು ಈ ಕಾಲಲ್ಲ. ಡಾಕ್ಟರು ಓಡಿ ಬಂದರು, ಅವರ ಮುಖ ಬಿಳಿಚಿತ್ತು, ತಪ್ಪು ನಂದೇ, ನಾನೇ ಬಲ ಅಂದಿರಬೇಕು, ಕ್ಷಮಿಸಿ, ಎಂದು ಡ್ರೈವರಿನ ಕೈ ಹಿಡಿದರು, ಸಿಟ್ಟಿನ ಮನುಷ್ಯ, ಅಷ್ಟು ಜನರ ಮುಂದೆ. ಇವಳು ತಂದ ಕಾಗದವನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಹೊರಟಳು. ಕೋಣೆಗೆ ಬಂದು ರೆಕಾರ್ಡು ಮತ್ತೆ ಹಾಕಿ ಕೇಳಿದಳು, ಎಡ, ಗಂಟೆ ಹೊಡೆದ ಹಾಗೆ ಸ್ಪಷ್ಟ — ಅಳಿಸಿಬಿಟ್ಟಳು. ಯಂತ್ರವಾಗಿದ್ದರೆ ಎಡ ಅಂತಲೇ ಬರೆಯುತ್ತಿತ್ತು.

ಆಯ್ತೇನೇ, ದೊಡ್ಡಕ್ಕ ಕೇಳುತ್ತಿದ್ದಾಳೆ, ಮೂರೂವರೆ ಆಯ್ತು, ನೋಡು, ಆ ಬಸ್ ಡ್ರೈವರ್ ಕತೆ ಹಾಕು, ತಪ್ಪು ನಂದೇ ಅಂತ ಡಾಕ್ಟರೇ ಒಪ್ಕೊಂಡಿದ್ದಾರೆ, ಸಮಿತೀಲೂ ಅವರೇ ಕೂತಿರ್ತಾರೆ, ಡಾಕ್ಟರೂ ತಪ್ತಾರೆ, ದಿನಾ ತಿದ್ದೋರು ನಾವು, ಯಂತ್ರಕ್ಕೆ ಕೊಟ್ರೆ ದಿನಕ್ಕೊಂದು ಹೀಗಾಗತ್ತೆ ಅನ್ನು, ಅವರು ಹೌದು ಅಂತ ತಲೆಯಾಡಿಸಿದ್ರೆ ನಾವು ಗೆದ್ದ ಹಾಗೇ. ಗೆದ್ದ ಹಾಗೇ, ಹೌದು, ಡಾಕ್ಟರು ತಲೆಯಾಡಿಸುತ್ತಾರೆ, ಆರು ವರ್ಷದಿಂದ ಹೊತ್ತದ್ದನ್ನು ಇನ್ನೊಮ್ಮೆ ಹೊರುತ್ತಾರೆ, ದೊಡ್ಡಕ್ಕನಿಗೆ ಎರಡು ವರ್ಷ ಸಿಗುತ್ತದೆ, ಮಗಳು ಹೇಳಿದ ಮೂರೂ ದಾರಿ ಒಂದೇ ಕತೆಯಲ್ಲಿ ಬಂದು ಸೇರುತ್ತವೆ, ಎಷ್ಟು ಸಾಕಾಗಿದೆ ಇವಳಿಗೆ, ಬರೆದು ಮುಗಿಸಿದರೆ ಮನೆಗೆ ಹೋಗಿ ಮಲಗಬಹುದು, ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು, ಒಂದೇ ಒಂದು — ಕಣ್ಣೆದುರು ಮತ್ತೆ ಆ ವಾರ್ಡು, ಸಿಸ್ಟರು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದುತ್ತಾಳೆ, ಉಜ್ಜುತ್ತಾಳೆ, ಹತ್ತಿ ನೀಲಿಯಾಗುತ್ತದೆ, ಇನ್ನೊಂದು ಹತ್ತಿ, ಅದೂ ನೀಲಿ, ಮೊಣಕಾಲು ಕೆಂಪೇರುತ್ತದೆ, ಬಾಣ ಹೋಗುವುದಿಲ್ಲ.