ಇಸ್ವಾಣದ ತಲೆಯ ಸೀಡಿ

ನಾದಿನಿಯ ಮದುವೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿದೆ ಎಂದು ಮಗ ರೂಪೇಶ ಅದನ್ನು ಕಾರವಾರದ ಒಂದು ಸ್ಟುಡಿಯೊಗೆ ಕೊಟ್ಟು ಸೀಡಿ ಮಾಡಿಸಿ ತಂದ. ಹದಿನೇಳು ವರ್ಷದ ಹಿಂದಿನ ಮದುವೆ. ಆಗ ಅಂಕೋಲೆಯ ನಮ್ಮ ಮನೆಯಲ್ಲಿ ಕ್ಯಾಸೆಟ್ ಹಾಕುವ ಯಂತ್ರ ಇರಲಿಲ್ಲ. ಒಮ್ಮೆ ಬಾಡಿಗೆಗೆ ತಂದು ಧಾರೆಯವರೆಗೆ ನೋಡಿದ್ದೆವು, ಅಷ್ಟರಲ್ಲಿ ಕರೆಂಟು ಹೋಯಿತು. ಮುಂದೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮುಂದೆ ಇದ್ದದ್ದು ನಾನು.

ಮದುವೆಯ ಮರುದಿನ ನಮ್ಮಲ್ಲಿ ಬೀಗರಿಗೆ ಮೀನೂಟ. ದೊಡ್ಡ ಇಸ್ವಾಣ ಮೀನು ತಂದರೆ ಅದರ ತಲೆ ಹೊಸ ಅಳಿಯನ ಬಟ್ಟಲಿಗೇ ಹೋಗಬೇಕು. ವಿಡಿಯೊದವನು ಅಡಿಗೆಮನೆಯ ಕಿಟಕಿಯಾಚೆ ನಿಂತದ್ದು ನನಗೆ ಕಂಡಿರಲಿಲ್ಲ. ಟೀವಿಯಲ್ಲಿ ನಾನು ಅತ್ತಿತ್ತ ನೋಡಿ, ಆ ತಲೆಯನ್ನು ಸೌಟಿನಿಂದ ಎತ್ತಿ, ಕೆಲಸಕ್ಕೆ ಹೊರಟಿದ್ದ ಗಂಡನ ಊಟದ ಡಬ್ಬಿಗೆ ಇಳಿಸಿ, ಬೆರಳು ನೆಕ್ಕಿದೆ. ಸ್ಟುಡಿಯೊದವನಿಗೆ ಈ ಭಾಗ ಬಹಳ ಹಿಡಿಸಿರಬೇಕು. ನನ್ನ ಮುಖದ ಸುತ್ತ ಗುಲಾಬಿ ಹೂವಿನ ಮಾಲೆ ಬರಿಸಿ, ಶಹನಾಯಿ ಹಾಕಿ, ಮೂರು ಸಲ ನಿಧಾನವಾಗಿ ತೋರಿಸಿದ್ದ.

"ಆಯಿ, ತಲೆ ಕದ್ದದ್ದು ದೀಪಾಲಿ ಆಯಿ ಅಂದಿದ್ದೆ ಅಲ್ಲ ನೀನು?" ಎಂದ ರೂಪೇಶ.

ಅಂದಿದ್ದೆ. ದೀಪಾಲಿಯ ತಾಯಿ ದೇವಬಾಗದ ಗಾಯತ್ರಿ, ಮದುಮಗನ ತಂಗಿ. ಅವತ್ತು ನೀರು ಕೇಳಲು ಅಡಿಗೆಮನೆಗೆ ಬಂದಿದ್ದಳು. ತಲೆ ಎಲ್ಲಿ ಎಂದು ನನ್ನ ಅತ್ತೆ ಕೂಗಿದಾಗ ಹೆದರಿ ಅವಳ ಕಡೆ ಬೊಟ್ಟು ಮಾಡಿದೆ. ಅಂದಿನಿಂದ ಊರವರ ಬಾಯಲ್ಲಿ ಅವಳು 'ತಲೆ ಗಾಯತ್ರಿ'. ನಮ್ಮ ಹೊಸಿಲು ಮತ್ತೆ ತುಳಿಯಲಿಲ್ಲ. ಈಗ ರೂಪೇಶನಿಗೆ ದೀಪಾಲಿಯೇ ಬೇಕು. ತನ್ನನ್ನು ಕಳ್ಳಿ ಅಂದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಗಾಯತ್ರಿ ಹೇಳಿಕಳಿಸಿದ್ದಳು.

ನಾನು ಗಂಡನ ಕಡೆ ತಿರುಗಿದೆ. "ತಿಂದವ್ರು ನೀವು. ಒಂದ್ ಮಾತಾದ್ರೂ ಆಡೂಕಾಗ್ಲಿಲ್ಲ?"

"ನಂಗೇನ್ ಗೊತ್ತು ಮಾರಾಯ್ತಿ, ಅದು ತಲೆ ಹೇಳಿ?" ಎಂದರು ಪುಂಡಲೀಕ.

"ಎರಡು ಕಣ್ಣಿತ್ತಲ್ಲ!"

"ಇತ್ತು. ರುಚಿ ಇತ್ತು. ಸುಮ್ನಾದೆ."

ಸೀಡಿ ಮುರಿದು ಒಲೆಗೆ ಹಾಕು ಎಂದೆ. ಆದರೆ ರೂಪೇಶನ ಗೆಳೆಯ ಸಂಕೇತ ನಮ್ಮೊಡನೆ ಕೂತು ಆಗಲೇ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದುಕೊಂಡಿದ್ದ. ಮರುದಿನ ಅವನು ಕೆಲಸಕ್ಕೆ ಹೋಗುವ ಕೈಗಾದ ಕಂಪನಿ ಬಸ್ಸಿನಲ್ಲಿ ನಾನು ಬ್ಲೂಟೂತ್ ಹತ್ತಿ ಸೀಟಿನಿಂದ ಸೀಟಿಗೆ ಹೋದೆ. ಬಸ್ಸು ಮಲ್ಲಾಪುರ ದಾಟುವಾಗ ಡ್ರೈವರನ ಜೇಬಿನಲ್ಲೂ ನಾನೇ ಇದ್ದೆ. ಸಂಜೆ ಫೋನು ಬಂತು.

"ಚಂಪಕ್ಕ, ನೋಡ್ದೆ. ಹೂವು ಚಂದ ಹಾಕಿದಾರೆ." ಗಾಯತ್ರಿ ಅಷ್ಟೇ ಹೇಳಿ ಇಟ್ಟಳು.

ಬೆಳಿಗ್ಗೆಯೇ ದೇವಬಾಗಕ್ಕೆ ಹೋದೆ. ಅವಳು ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು, ಏಳಲಿಲ್ಲ.

"ತಪ್ಪಾಯ್ತು ಗಾಯತ್ರಿ," ಎಂದೆ.

"ಯಾರ್ ಕೂಡೆ ಹೇಳ್ತಿದ್ರಿ? ಇಲ್ಲಿ ನಾನು, ನೀವು, ಕಾಗೆ. ಅವತ್ತು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗಿದ್ರಿ."

"ಈಗ ಎಂತ ಮಾಡೂದು ಹೇಳು."

"ಮದ್ವೆ ಚಪ್ಪರದಲ್ಲಿ ಟೀವಿ ಇಡಿ. ಧಾರೆಗೆ ಮೊದ್ಲು ಅದನ್ನ ಹಾಕಿ. ಅವತ್ತು ಕೇಳಿದವ್ರೆಲ್ಲ ಇವತ್ತು ನೋಡ್ಲಿ. ಇಲ್ಲಾಂದ್ರೆ ಹುಡುಗಿ ಇಲ್ಲ."

"ಅರ್ಧ ಜನ ಸತ್ತೇ ಹೋದ್ರಲ್ಲೇ."

"ಉಳಿದವ್ರು ಸಾಕು."

ಮಗನ ಮುಖ ನೆನೆದು ಒಪ್ಪಿದೆ.

ಚಪ್ಪರದಲ್ಲಿ ಟೀವಿ ಇಟ್ಟರು. ನಾನು ಮುಂದಿನ ಕುರ್ಚಿಯಲ್ಲೇ ಕೂತೆ, ಹೊಸ ಸೀರೆ ಉಟ್ಟು. ಬೆರಳು ನೆಕ್ಕುವಲ್ಲಿ ಚಪ್ಪಾಳೆ ಬಿತ್ತು. "ಮತ್ತೊಂದ್ಸಲ ಹಾಕ್ರೋ!" ಎಂದು ಹಿಂದಿನಿಂದ ಕೂಗಿದರು, ಹಾಕಿದರು. ಗಾಯತ್ರಿ ಮಾತ್ರ ಟೀವಿ ನೋಡಲಿಲ್ಲ. ನಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದಳು, ಕೊನೆಯ ಸಾಲಿನ ತನಕ. ಆಮೇಲೆ ಬಂದು ನನ್ನ ತೋಳು ಹಿಡಿದಳು.

"ಏಳಿ, ಬೀಗತಿ. ಧಾರೆಗೆ ಹೊತ್ತಾಯ್ತು."

ಈಗ ಅವಳನ್ನು ಯಾರೂ ತಲೆ ಗಾಯತ್ರಿ ಅನ್ನುವುದಿಲ್ಲ. ಆ ಹೆಸರು ನನಗೆ ಬಂದಿದೆ. ಮದುವೆಗಳಿಗೆ ಎಲ್ಲರೂ ಕರೆಯುತ್ತಾರೆ, ಹೋಗುತ್ತೇನೆ, ಅಡಿಗೆಮನೆಯ ಕಡೆ ಹೊರಟರೆ ಯಾರಾದರೂ ಅಡ್ಡ ಬಂದು ಬಹಳ ಮರ್ಯಾದೆಯಿಂದ ಹೇಳುತ್ತಾರೆ: "ಚಂಪಕ್ಕ, ನೀವು ಹೊರಗೇ ಕೂತ್ಕಣಿ. ಚಾ ಅಲ್ಲಿಗೇ ಕಳಿಸ್ತೆ."